ಮೊದಲು ಅಂಕಿ, ಆಮೇಲೆ ಸ್ಪ್ಯಾನರ್

"ಗಾಡಿ ಓಡುತ್ತೆ ಸರ್, ಪಾಠ ಓಡಲ್ಲ" ಅಂದಿದ್ದರು ಜೊತೆಯ ಅಧ್ಯಾಪಕರು, ಮಕ್ಕಳ ಕೈಯಲ್ಲೇ ಬ್ಯಾಟರಿ ಗಾಡಿ ಕಟ್ಟಿಸಿ ಅದರಿಂದಲೇ ಪಾಠ ಹೇಳುತ್ತೇನೆ ಎಂದು ನಾನು ಹೊರಟಾಗ. ಮೊದಲ ಗಾಡಿಯ ಮಟ್ಟಿಗೆ ಆ ಮಾತು ಸುಳ್ಳೇನೂ ಆಗಲಿಲ್ಲ. ವೆಲ್ಡಿಂಗ್ ಗಟ್ಟಿಯಾಗಿತ್ತು, ಬ್ರೇಕ್ ಹಿಡಿಯುತ್ತಿತ್ತು, ಮಕ್ಕಳು ಕೇಕೆ ಹಾಕಿ ಓಡಿಸಿದರು. ಏರಿನಲ್ಲಿ ಯಾಕೆ ನಿಂತಿತು ಎಂದು ಕೇಳಿದರೆ ಮಾತ್ರ "ಮೋಟಾರ್‌ಗೆ ಪವರ್ ಸಾಲದು" ಅನ್ನುವುದರಿಂದ ಮುಂದಕ್ಕೆ ಒಬ್ಬರೂ ಹೋಗಲಿಲ್ಲ.

ಎರಡನೇ ಗಾಡಿಗೆ ಒಂದೇ ಕಾನೂನು ಮಾಡಿದೆ. ಯಾವ ಭಾಗ ಬದಲಿಸುವುದಿದ್ದರೂ, ಬದಲಿಸಿದ ಮೇಲೆ ಮೀಟರ್ ಎಷ್ಟು ತೋರಿಸಬೇಕು ಎಂದು ಮೊದಲೇ ರಿಜಿಸ್ಟರಿನಲ್ಲಿ ಪೆನ್ನಿನಲ್ಲಿ ಬರೆಯಬೇಕು, ಯೂನಿಟ್ ಸಮೇತ. ಅಂಕಿ ತಪ್ಪಾಗಲಿ, ಪರವಾಗಿಲ್ಲ. ಖಾಲಿ ಬಿಟ್ಟರೆ ಸ್ಪ್ಯಾನರ್ ಕೊಡುವುದಿಲ್ಲ. ಇಷ್ಟರಿಂದಲೇ ಎಲ್ಲ ತಿರುಗಿತು ಅಂದರೆ ನೀವು ನಂಬಲಿಕ್ಕಿಲ್ಲ, ನಮ್ಮವರೂ ನಂಬಿರಲಿಲ್ಲ.

ಏರಿನ ಕಥೆಯನ್ನೇ ತೆಗೆದುಕೊಳ್ಳಿ. 48 ವೋಲ್ಟಿನ, ಸಾವಿರ ವ್ಯಾಟಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟಾರ್, ಸುಮಾರು 3000 ಆರ್‌ಪಿಎಂ. ಲೆಕ್ಕ ಹಾಕಿದರೆ ಟಾರ್ಕ್, ಅಂದರೆ ತಿರುಚುವ ಬಲ, 3.2 ನ್ಯೂಟನ್ ಮೀಟರ್ ಆಸುಪಾಸು. ಮೋಟಾರಿಗೆ 9 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ), ಚಕ್ರಕ್ಕೆ 36ರದ್ದು. ಚಕ್ರದ ತ್ರಿಜ್ಯ ಕಾಲು ಮೀಟರ್. ಟಾರ್ಕಿನ ನಾಲ್ಕು ಪಟ್ಟನ್ನು ತ್ರಿಜ್ಯದಿಂದ ಭಾಗಿಸಿದರೆ ತಳ್ಳುವ ಬಲ ಐವತ್ತು ನ್ಯೂಟನ್‌ಗೆ ನಿಂತಿತು. ಚಾಲಕನೂ ಸೇರಿ ಗಾಡಿಯ ತೂಕ ಹತ್ತಿರ ಹತ್ತಿರ 160 ಕಿಲೋ. ಹತ್ತು ಮೀಟರಿಗೆ ಒಂದು ಮೀಟರ್ ಏರಿದ್ದರೆ ಬೇಕಾದದ್ದು, ಉರುಳು ಘರ್ಷಣೆಯೂ ಸೇರಿ, ನೂರೆಪ್ಪತ್ತು ನ್ಯೂಟನ್! ಮೋಟಾರ್ ತನ್ನ ಅಳತೆಯ ಮೂರು ಪಟ್ಟಿಗಿಂತ ಹೆಚ್ಚು ಎಳೆಯಬೇಕು. ಎಳೆಯಿತು ಕೂಡ, ಮೋಟಾರಿಗೆ ಕರೆಂಟ್ ಹದಮಾಡಿ ಕೊಡುವ ಕಂಟ್ರೋಲರನ್ನು ಒಂದಾದ ಮೇಲೊಂದು ಸುಟ್ಟುಹಾಕಿಕೊಂಡು. ನಮ್ಮ ಮೀಸಲು ದುಡ್ಡೆಲ್ಲ ಹೋದದ್ದು ಇಲ್ಲೇ.

ವಿಚಿತ್ರವೆಂದರೆ ಬ್ಯಾಟರಿ ಕಡೆಯ ಮೀಟರ್ ಮೂವತ್ತು ಆಂಪಿಯರ್ ದಾಟಿರಲಿಲ್ಲ. ಹಾಗಾದರೆ ಸುಟ್ಟದ್ದು ಹೇಗೆ? ವೈರನ್ನು ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರನ್ನು ಮೋಟಾರ್ ವೈರಿಗೆ ಹಾಕಿದಾಗ ಅಲ್ಲಿ ಅದರ ಎರಡು ಪಟ್ಟಿಗೂ ಮೀರಿ ಹರಿಯುತ್ತಿತ್ತು. ಮೋಟಾರ್ ನಿಧಾನವಾದರೆ ಬ್ಯಾಕ್ ಇಎಂಎಫ್ (ತಿರುಗುವ ಮೋಟಾರ್ ತಾನೇ ಹುಟ್ಟಿಸುವ ಎದುರು ವೋಲ್ಟೇಜ್) ತೀರ ಕಡಿಮೆ, ಕರೆಂಟ್ ತಡೆಯುವುದಕ್ಕೆ ಉಳಿಯುವುದು ಹೆಚ್ಚಾಗಿ ತಂತಿಯ ರೋಧವೇ. ಇದನ್ನು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದಿದ್ದೇನೋ! ಚಕ್ರ ಎತ್ತಿ ನಿಲ್ಲಿಸಿ, ಬ್ರೇಕನ್ನು ಮೆಲ್ಲಗೆ ಹಿಡಿಯುತ್ತಾ ಆಂಪಿಯರ್ ಏರುವುದನ್ನು ನೋಡಿದ ಹುಡುಗಿಯೊಬ್ಬಳು "ತಿರುಗಿದರೇನೇ ಇದು ಬಚಾವ್" ಅಂದಳು. ಆಮೇಲೆ ನಾನು ವಿವರಿಸುವುದೇನೂ ಉಳಿಯಲಿಲ್ಲ. ಚಕ್ರಕ್ಕೆ 72 ಹಲ್ಲಿನದು ಹಾಕಿದೆವು. ಕರೆಂಟ್ ಅರ್ಧ, ಕಾವು ಕಾಲು ಭಾಗ. ವೇಗ ಹೋಯಿತು ಎಂದು ಹುಡುಗರು ಗೊಣಗಿದರು, ಗೊಣಗಲಿ. ಅಂದಿನಿಂದ ಕಂಟ್ರೋಲರ್ ಕೊಂಡಿಲ್ಲ.

ಬಿಎಲ್‌ಡಿಸಿ ಕೈಯಾಡಿಸಿದವರಿಗೆ ಕರೆಂಟ್ ಒಯ್ಯುವ ಮೂರು ಫೇಸ್ ವೈರು, ಮೋಟಾರ್ ಎಲ್ಲಿಗೆ ತಿರುಗಿದೆ ಎಂದು ತಿಳಿಸುವ ಮೂರು ಹಾಲ್ ವೈರಿನ ಗೋಳು ಗೊತ್ತೇ ಇದೆ. ಮೂವತ್ತಾರು ಬಗೆಯ ಜೋಡಣೆ, ಅದರಲ್ಲಿ ಸರಿಯಾಗಿ ಓಡುವುದನ್ನು ಹುಡುಕಬೇಕು. ನಾವು ಅದನ್ನು ಚಹಾ ಕುಡಿಯುವಷ್ಟರಲ್ಲಿ ಮುಗಿಸುತ್ತೇವೆ. ಹೇಗೆ ಅನ್ನುವುದು ನಮ್ಮ ಮಕ್ಕಳ ಗುಟ್ಟು, ನಾನು ಇಲ್ಲಿ ಬಿಚ್ಚುವಂತಿಲ್ಲ.

ಪ್ರತಿ ಬ್ಯಾಚಿನಲ್ಲೂ ಒಬ್ಬ ಇರುತ್ತಾನೆ: ಮುಂದಿನ ಚಕ್ರಕ್ಕೆ ಡೈನಮೋ ಕಟ್ಟಿ ಬ್ಯಾಟರಿ ತುಂಬಿಸೋಣ ಅನ್ನುವವನು. ನಾನು ಬೇಡ ಅನ್ನುವುದಿಲ್ಲ, ಕಟ್ಟಿಸುತ್ತೇನೆ. ಚೈನ್ ಕಳಚಿ, ತಳ್ಳಿ ವೇಗ ಕೊಟ್ಟು, ಗಾಡಿ ತಾನಾಗಿ ಎಷ್ಟು ದೂರ ಉರುಳುತ್ತದೆ ಅಂತ ನೆಲಕ್ಕೆ ಸುಣ್ಣದ ಗುರುತು ಹಾಕಿ ಅಳೆಯುತ್ತೇವೆ. ಡೈನಮೋ ಕಟ್ಟಿದ ಮೇಲೆ ಗುರುತು ಹಿಂದಕ್ಕೆ ಬರುತ್ತದೆ, ವಾದ ಅಲ್ಲಿಗೆ ಮುಗಿಯುತ್ತದೆ. ಚೈನ್ ಕಳಚಲು ಮರೆಯಬೇಡಿ, ಇಲ್ಲದಿದ್ದರೆ ಮೋಟಾರಿನ ಎಳೆತವೂ ಸೇರಿ ಲೆಕ್ಕ ಕೆಡುತ್ತದೆ. ಇದೇ ಪ್ರಯೋಗದಲ್ಲಿ ಉರುಳು ಘರ್ಷಣೆ ಹದಿನೈದು ಹದಿನಾರು ನ್ಯೂಟನ್ ಸಿಕ್ಕಿತು. ಟೈರಿಗೆ ಗಾಳಿ ಹೆಚ್ಚು ಹೊಡೆದಾಗ ಇನ್ನೂ ಇಳಿಯಿತು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಗಾಳಿಯ ಎಳೆತವೂ ಹೆಚ್ಚುಕಡಿಮೆ ಅಷ್ಟೇ.

ಬ್ರೇಕ್ ಹಿಡಿದಾಗ ಗಾಡಿಯ ಓಟದ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ತುಂಬಿಸುವ ರೀಜನ್ ಬ್ರೇಕಿಂಗ್ ಇರುವ ಕಂಟ್ರೋಲರ್ ಬೇಕೆಂದು ಹಟ ಹಿಡಿದವರಿಗೂ ರಿಜಿಸ್ಟರೇ ಉತ್ತರ ಕೊಟ್ಟಿತು. ಆ ವೇಗದಲ್ಲಿ ಗಾಡಿಯ ಚಲನಶಕ್ತಿ ನಾಲ್ಕು ಸಾವಿರ ಜೌಲ್ ಮುಟ್ಟುವುದಿಲ್ಲ, ಅಂದರೆ ಸುಮಾರು ಒಂದು ವ್ಯಾಟ್ ಅವರ್. ನಮ್ಮ ಗಾಡಿ ಕಿಲೋಮೀಟರಿಗೆ ಹನ್ನೆರಡು ವ್ಯಾಟ್ ಅವರ್ ತಿನ್ನುತ್ತದೆ. ಹನಿಯೂ ಸೋರದೆ ವಾಪಸ್ ಬಂದರೂ ಒಂದು ಬ್ರೇಕಿಗೆ ತೊಂಬತ್ತು ಮೀಟರ್ ಓಟದಷ್ಟೇ. ಆ ದುಡ್ಡು ಉಳಿಯಿತು.

ಖರ್ಚಿನಲ್ಲಿ ಅರ್ಧದಷ್ಟು ನುಂಗುವುದು ಬ್ಯಾಟರಿ. ಶುರುವಿನಲ್ಲಿ ಲೆಡ್ ಆಸಿಡ್, 12 ವೋಲ್ಟಿನವು ನಾಲ್ಕು, 20 ಆಂಪಿಯರ್ ಅವರ್. 960 ವ್ಯಾಟ್ ಅವರನ್ನು ಹನ್ನೆರಡರಿಂದ ಭಾಗಿಸಿ ಎಂಬತ್ತು ಕಿಲೋಮೀಟರ್ ಅಂತ ಬರೆದರು. ಸಿಕ್ಕಿದ್ದು ಐವತ್ತರ ಹತ್ತಿರ. ಅಂಗಡಿಯವರು ಮೋಸ ಮಾಡಿದರು ಎಂದು ಕೂಗಾಡಿ, ಕೊನೆಗೆ ಲೇಬಲ್ ಸರಿಯಾಗಿ ಓದಿದರು. ಆ ಇಪ್ಪತ್ತು ಸಿಗುವುದು ಇಪ್ಪತ್ತು ಗಂಟೆ ನಿಧಾನವಾಗಿ, ಒಂದೊಂದೇ ಆಂಪಿಯರ್ ತೆಗೆದರೆ. ನಾವು ಎಳೆಯುತ್ತಿದ್ದುದು ಆರು, ಏರಿನಲ್ಲಿ ಇನ್ನೂ ಹೆಚ್ಚು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ದುಡ್ಡು ಕೇಳಲು ನಾನು ಹೋಗಲೇ ಇಲ್ಲ, ಮಕ್ಕಳನ್ನೇ ಕಳಿಸಿದೆ. ಹದಿನೈದು ಕಿಲೋ ತೂಕ ಇಳಿಯುವುದರಿಂದ ಸಮತಟ್ಟಿನಲ್ಲಿ ಲಾಭ ಅಷ್ಟಕ್ಕಷ್ಟೇ, ನಿಜವಾದ ಲಾಭ ಜೋರಾಗಿ ಎಳೆದರೂ ಬ್ಯಾಟರಿ ತನ್ನ ಅಳತೆ ಬಿಟ್ಟುಕೊಡದೇ ಇರುವುದರಲ್ಲಿ ಎಂದು ಅವರೇ ಲೆಕ್ಕ ಇಟ್ಟು ಒಪ್ಪಿಸಿ ಬಂದರು. "ಪಾಠ ಓಡಲ್ಲ" ಅಂದವರೂ ಆ ಸಭೆಯಲ್ಲಿ ಕೂತಿದ್ದರು. ಹಳೆಯ ನಾಲ್ಕು ಬ್ಯಾಟರಿ ಈಗ ಲ್ಯಾಬಿನಲ್ಲಿವೆ, ಆಂತರಿಕ ರೋಧ ಅಳೆಯುವ ಪ್ರಯೋಗಕ್ಕೆ.