ಕಲ್ಲೂ ಇರಲಿ, ಓಟವೂ ಇರಲಿ

ಹೊಸ ಮೌಂಟನ್ ಬೈಕ್ ಜಾಡು ಕಡಿಯುವ ಮೊದಲು ನಾನು ಗುಡ್ಡವನ್ನು ಎರಡು ಸಲ, ಒಮ್ಮೆ ಮಳೆಯಲ್ಲೇ, ನಡೆದು ನೋಡುತ್ತೇನೆ. ಬಂಡೆ, ಬೇರು ತಾವಾಗಿಯೇ ಇರುವ ಕಡೆ ಕಠಿಣ ಜಾಡು. ಮಣ್ಣು ಆಳವಾಗಿರುವ ಕಡೆ ಸರಾಗ ಜಾಡು. ಕಲ್ಲು ಹೊತ್ತು ತಂದು ಕಷ್ಟ ಸೃಷ್ಟಿಸುವುದು ನನಗೆ ಹಿಡಿಸದು, ನನ್ನ ಬೆನ್ನಿಗಂತೂ ಹಿಡಿಸುವುದೇ ಇಲ್ಲ.

ಸರಾಗ ಜಾಡಿನ ಸರಾಸರಿ ಇಳಿಜಾರು ಶೇ 10ರೊಳಗಿರಲಿ. ಗುಡ್ಡದ ಓರೆಯ ಅರ್ಧವನ್ನೂ ಅದು ಮೀರಬಾರದು: ಓರೆ ಶೇ 16 ಇದ್ದರೆ ಜಾಡಿಗೆ ಶೇ 8. ಮೀರಿದರೆ ನೀರು ಜಾಡಿನಲ್ಲೇ ಹರಿಯುತ್ತದೆ. ನನ್ನ ಮೊದಲ ಜಾಡು ಒಂದೇ ಮಳೆಗಾಲಕ್ಕೆ ಕೊರಕಲಾಯಿತು.

ವೇಗದ ಓಟ ಮುಗಿದು ಬಂಡೆ ಶುರುವಾಗುವ ನಡುವೆ, ವೇಗ ತಗ್ಗಲೆಂದು, ಚಿಕ್ಕ ಏರು ಕೊಡಿ. ಕಠಿಣ ಜಾಡಿನ ಅತಿ ಕಷ್ಟದ ಅಡಚಣೆ ಪ್ರವೇಶದಲ್ಲೇ ಇರಲಿ, ಹೆದರಿದವರು ಅಲ್ಲಿಂದಲೇ ಮರಳುತ್ತಾರೆ. ಒಳಗಿನ ಅಡಚಣೆಗಳಿಗೆ ಸುತ್ತುದಾರಿ ಬೇಕು. ಇಲ್ಲದಿದ್ದರೆ ಸವಾರರು ತಾವೇ ಒಂದನ್ನು ತುಳಿದುಕೊಳ್ಳುತ್ತಾರೆ.