ಮೂರನೇ ದರ್ಜೆಯ ರೈಲು, ಬಾಡಿಗೆ ಸೈಕಲ್: ಬ್ಯಾಂಕಾಕ್‌ನಿಂದ ಅಯುತ್ಥಯಾಕ್ಕೆ ಒಂದು ದಿನ

ಬ್ಯಾಂಕಾಕ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಮಾಲು, ಮಾರ್ಕೆಟ್ಟು, ಪಟ್ಟಾಯ ಎಂದು ನಾಲ್ಕು ದಿನ ಮುಗಿಸಿಕೊಂಡು ವಾಪಸ್ ಬಂದುಬಿಡುತ್ತಾರೆ. ಅಲ್ಲಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಅಂದರೆ ಬೆಂಗಳೂರಿನಿಂದ ತುಮಕೂರಿಗಿಂತ ಚೂರು ಆಚೆ, ಒಂದು ಹಾಳು ರಾಜಧಾನಿ ಇದೆ. ಹೆಸರು ಅಯುತ್ಥಯಾ. ನಮ್ಮ ಅಯೋಧ್ಯೆಯ ಹೆಸರನ್ನೇ ಹೊತ್ತ ಊರು. 1350ರ ಸುಮಾರಿಗೆ ಕಟ್ಟಿದ್ದು, 1767ರಲ್ಲಿ ಬರ್ಮಾದ ಸೇನೆ ಸುಟ್ಟು ಹಾಳುಗೆಡವಿದ್ದು. ನಡುವಿನ ನಾನೂರು ಚಿಲ್ಲರೆ ವರ್ಷ ಸಯಾಮ್ ದೇಶವನ್ನು, ಅಂದರೆ ಇಂದಿನ ಥಾಯ್ಲೆಂಡನ್ನು, ಆಳಿದ್ದು ಇಲ್ಲಿಂದಲೇ. ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 1991ರಲ್ಲಿ.

ಹೋಟೆಲಿನ ಪ್ರವಾಸಿ ಕೌಂಟರಿನಲ್ಲಿ ಕೇಳಿದರೆ ಎಸಿ ವ್ಯಾನು, ಗೈಡು, ಊಟ ಎಲ್ಲ ಸೇರಿಸಿ ತಲೆಗೆ ಸಾವಿರಾರು ಬಾತ್ ಹೇಳುತ್ತಾರೆ. ಅದು ಬೇಡ. ಅಲ್ಲಿನ ಜನ ಹೋಗುವ ರೈಲಿನಲ್ಲೇ ಹೋಗಿ, ಸೈಕಲ್ ತುಳಿದು, ಎಲ್ಲ ಖರ್ಚೂ ಸೇರಿ ಎಂಟುನೂರು ಬಾತ್‌ನೊಳಗೆ ಮುಗಿಸಬಹುದು. ಒಂದು ಬಾತ್‌ಗೆ ಮೂರು ರೂಪಾಯಿ ಎಂದು ತುಸು ಹೆಚ್ಚೇ ಹಿಡಿದು ಲೆಕ್ಕ ಹಾಕಿಕೊಳ್ಳಿ, ಕೈ ಕಚ್ಚುವುದಿಲ್ಲ. ಹಣದ ಮಾತು ಒಂದು ಕಡೆ ಇರಲಿ. ವ್ಯಾನಿನಲ್ಲಿ ಹೋದವರಿಗೆ ಒಂದೊಂದು ಗುಡಿಯ ಮುಂದೆ ಅರ್ಧ ಗಂಟೆ ಸಿಗುತ್ತದೆ. ಈ ಊರಿಗೆ ಅರ್ಧ ಗಂಟೆ ಸಾಲದು.

ಹಿಂದಿನ ರಾತ್ರಿ ಮಾಡಬೇಕಾದ್ದು

ಹೆಚ್ಚೇನಿಲ್ಲ. ನೂರು, ಇಪ್ಪತ್ತರ ನೋಟುಗಳನ್ನು ಮಾಡಿಸಿಟ್ಟುಕೊಳ್ಳಿ. ದೋಣಿಯವನ ಬಳಿ ಸಾವಿರದ ನೋಟು ಹಿಡಿದರೆ ಚಿಲ್ಲರೆ ಸಿಗದು. ಟೊಪ್ಪಿ, ನೀರಿನ ಬಾಟಲಿ, ಒಂದು ತೆಳು ಟವೆಲ್ ಇರಲಿ. ಬಟ್ಟೆ ಭುಜ ಮತ್ತು ಮೊಣಕಾಲು ಮುಚ್ಚುವಂತಿರಬೇಕು. ಹಾಳುಬಿದ್ದಿದ್ದರೂ ಅವು ಅಲ್ಲಿನವರಿಗೆ ಇಂದಿಗೂ ಪೂಜ್ಯ ಜಾಗಗಳೇ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಇಟ್ಟಿಗೆಯ ನೆಲವೇ ಕಾವಲಿಯಾಗಿರುತ್ತದೆ, ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವುದಾದರೆ ಆ ತಿಂಗಳು ಬಿಟ್ಟುಬಿಡಿ.

ಯಾವ ನಿಲ್ದಾಣ, ಯಾವ ರೈಲು

ಹೊಸಬರು ಎಡವುವುದು ಇಲ್ಲೇ. ಬ್ಯಾಂಕಾಕ್‌ನಲ್ಲಿ ಈಗ ಎರಡು ದೊಡ್ಡ ನಿಲ್ದಾಣಗಳಿವೆ. 1916ರಿಂದ ಇರುವ ಹಳೆಯದು ಹುವಾ ಲಂಫೋಂಗ್, ಕಮಾನಿನ ಚಾವಣಿಯ ಚೆಂದದ ಕಟ್ಟಡ. ಹೊಸದು ಬಾಂಗ್ ಸೂ ಬಡಾವಣೆಯ ಕ್ರುಂಗ್ ಥೇಪ್ ಅಪಿವತ್, ವಿಮಾನ ನಿಲ್ದಾಣದಷ್ಟು ದೊಡ್ಡದು. 2023ರ ಜನವರಿಯಲ್ಲಿ ಉತ್ತರ ದಿಕ್ಕಿನ ದೂರಪ್ರಯಾಣದ ಎಕ್ಸ್‌ಪ್ರೆಸ್ ರೈಲುಗಳನ್ನೆಲ್ಲ ಹೊಸ ನಿಲ್ದಾಣಕ್ಕೆ ಸಾಗಿಸಿದರು. ಪ್ಯಾಸೆಂಜರ್ ರೈಲುಗಳು ಮಾತ್ರ ಹಳೆಯದರಲ್ಲೇ ಉಳಿದವು. ನಮಗೆ ಬೇಕಾದ್ದು ಆ ಪ್ಯಾಸೆಂಜರ್ ರೈಲೇ. ಎರಡೂ ನಿಲ್ದಾಣಗಳಿಗೆ ಮೆಟ್ರೊದ ನೀಲಿ ಮಾರ್ಗ ಮುಟ್ಟುತ್ತದೆ.

ಹುವಾ ಲಂಫೋಂಗ್‌ನ ಕೌಂಟರಿನಲ್ಲಿ ‘ಅಯುತ್ಥಯಾ, ಥರ್ಡ್ ಕ್ಲಾಸ್’ ಎಂದರೆ ಸಾಕು. ಟಿಕೆಟ್ಟಿಗೆ ಇಪ್ಪತ್ತು ಬಾತ್ ಆಸುಪಾಸು. ಮುಂಗಡ ಕಾಯ್ದಿರಿಸುವ ಗೊಡವೆ ಇಲ್ಲ, ಸೀಟಿನ ಸಂಖ್ಯೆಯೂ ಇಲ್ಲ. ಬೆಳಿಗ್ಗೆ ಏಳರ ಸುಮಾರಿಗೆ ನಿಲ್ದಾಣದಲ್ಲಿದ್ದು, ಮೊದಲು ಹೊರಡುವ ಪ್ಯಾಸೆಂಜರ್ ಹಿಡಿಯಿರಿ. ರೈಲು ಉತ್ತರಕ್ಕೆ ಹೋಗುವುದರಿಂದ ಬೆಳಗಿನ ಬಿಸಿಲು ಬಲಗಡೆಯ ಕಿಟಕಿಗಳಿಗೆ ಹೊಡೆಯುತ್ತದೆ, ಎಡಗಡೆ ಕೂರಿ. ಫ್ಯಾನು ಚಾವಣಿಯಲ್ಲಿ ತಿರುಗುತ್ತಿರುತ್ತದೆ, ಕಿಟಕಿ ಪೂರ್ತಿ ತೆರೆದಿರುತ್ತದೆ. ಬುಟ್ಟಿ ಹೊತ್ತ ಹೆಂಗಸರು ಹತ್ತಿ ಇಳಿಯುತ್ತಾ ಅಂಟಕ್ಕಿಯ ಅನ್ನದ ಪೊಟ್ಟಣ, ಹೆಚ್ಚಿದ ಹಣ್ಣು, ಐಸ್ ಹಾಕಿದ ನೀರು ಮಾರುತ್ತಾರೆ. ನಮ್ಮ ಶಿವಮೊಗ್ಗ ಪ್ಯಾಸೆಂಜರಿನಲ್ಲಿ ಕೂತ ಹಾಗೇ ಅನ್ನಿಸಿತ್ತು ನನಗೆ. ಥಾಯ್ ಭಾಷೆಯಲ್ಲಿ ರೈಲಿಗೆ ‘ರೊತ್ ಫೈ’ ಎನ್ನುತ್ತಾರೆ. ರೊತ್ ಎಂದರೆ ನಮ್ಮ ‘ರಥ’ವೇ, ಫೈ ಎಂದರೆ ಬೆಂಕಿ. ನಿಲ್ದಾಣ ‘ಸಥಾನೀ’, ಅಂದರೆ ಸ್ಥಾನ. ಹೀಗೆ ಕಿವಿಗೊಟ್ಟು ಕೂತರೆ ಒಂದೂವರೆ ಎರಡು ಗಂಟೆ ಕಳೆದದ್ದೇ ತಿಳಿಯುವುದಿಲ್ಲ.

ಬೆಳಿಗ್ಗೆ ಎಂಟು ಗಂಟೆಗೆ ನೀವು ಇನ್ನೂ ಪ್ಲಾಟ್‌ಫಾರಂನಲ್ಲೇ ಇದ್ದರೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತದೆ. ಎಲ್ಲರೂ ಇದ್ದಲ್ಲೇ ಎದ್ದು ನಿಲ್ಲುತ್ತಾರೆ, ನೀವೂ ನಿಲ್ಲಿ. ಅಗ್ಗದ ವಿಮಾನದಲ್ಲಿ ಡಾನ್ ಮುಯಂಗ್‌ಗೆ ಬಂದಿಳಿದವರಾದರೆ ನಗರಕ್ಕೆ ಹೋಗಿ ಮರಳುವ ಅಗತ್ಯವೂ ಇಲ್ಲ, ವಿಮಾನ ನಿಲ್ದಾಣದ ಎದುರಿಗೇ ಇದೇ ಮಾರ್ಗದ ರೈಲು ನಿಲ್ದಾಣವಿದೆ. ಇಳಿಯುವ ಊರು ಬಂತೆಂದು ತಿಳಿಯುವುದು ಹೇಗೆ? ಬಾಂಗ್ ಪಾ-ಇನ್ ಎಂಬ ಫಲಕ ಕಂಡ ಮೇಲೆ ಚೀಲ ಹೆಗಲಿಗೇರಿಸಿಕೊಳ್ಳಿ, ಸ್ವಲ್ಪ ಹೊತ್ತಿನಲ್ಲೇ ಅಯುತ್ಥಯಾ.

ದೋಣಿ ದಾಟಿ, ಸೈಕಲ್ ಹಿಡಿದು

ನಿಲ್ದಾಣದ ಬಾಗಿಲಲ್ಲೇ ಆಟೊದವರು ಮುತ್ತಿಕೊಳ್ಳುತ್ತಾರೆ. ಕಪ್ಪೆಯ ಮೂತಿಯಂಥ ಮುಂಭಾಗದ ಆ ಟುಕ್‌ಟುಕ್ ನೋಡಲು ಸೊಗಸು. ಗಂಟೆಗೆ ಇನ್ನೂರು ಮುನ್ನೂರು ಬಾತ್ ಕೇಳುತ್ತಾರೆ, ನಾಲ್ಕು ಜನರಿದ್ದರೆ ಅದೂ ತೀರಾ ದುಬಾರಿಯಲ್ಲ. ಒಬ್ಬರು ಇಬ್ಬರಾದರೆ ನಗುತ್ತಾ ಬೇಡ ಎಂದು ರಸ್ತೆ ದಾಟಿ, ಎದುರಿನ ಓಣಿಯಲ್ಲಿ ನೇರ ನಡೆಯಿರಿ. ಓಣಿ ಮುಗಿಯುವಲ್ಲಿ ಪಾ ಸಕ್ ನದಿ, ಕಟ್ಟೆ, ಸಣ್ಣ ದೋಣಿ. ಐದೋ ಹತ್ತೋ ಬಾತ್ ಕೊಟ್ಟರೆ ಎರಡೇ ನಿಮಿಷದಲ್ಲಿ ಆಚೆ ದಡ. ಅಯುತ್ಥಯಾ ಮೂರು ಹೊಳೆಗಳ ನಡುವಿನ ನಡುಗಡ್ಡೆ: ಪಾ ಸಕ್, ಲೋಪ್‌ಬುರಿ, ಚಾವೊ ಫ್ರಯಾ. ಶತ್ರುಗಳನ್ನು ತಡೆದದ್ದೂ, ಪರದೇಶದ ವ್ಯಾಪಾರಿ ಹಡಗುಗಳನ್ನು ಕರೆತಂದದ್ದೂ ಈ ನೀರೇ. ಹೊಳೆ ದಾಟಿಯೇ ಊರು ಹೊಕ್ಕರೆ ಅದು ಮೈಗೆ ತಿಳಿಯುತ್ತದೆ. ದೋಣಿಯ ಹಾದಿಯನ್ನು ತಪ್ಪಿಸಬೇಡಿ ಎನ್ನುವುದು ಅದಕ್ಕೇ.

ಬಾಡಿಗೆ ಸೈಕಲ್ ಎರಡೂ ದಡದಲ್ಲಿ ಸಿಗುತ್ತದೆ, ದಿನಕ್ಕೆ ಐವತ್ತು ಬಾತ್‌ನ ಆಸುಪಾಸು. ಹಣ ಕೊಡುವ ಮುಂಚೆ ಮೂರು ಪರೀಕ್ಷೆ ಮಾಡಿ: ಎರಡೂ ಬ್ರೇಕ್ ಒತ್ತಿ ನೋಡಿ, ಚಕ್ರ ಹಿಚುಕಿ ನೋಡಿ, ಬೀಗಕ್ಕೆ ಕೀಲಿ ಹಾಕಿ ತೆಗೆದು ನೋಡಿ. ನಾನು ಮೊದಲ ಸಲ ಆತುರದಲ್ಲಿ ಇದಾವುದನ್ನೂ ನೋಡದೆ ಹೊರಟೆ. ಸೇತುವೆಯ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ, ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಬೇಕಾಯಿತು. ಚಪ್ಪಲಿಯ ಅಟ್ಟೆ ಕಿತ್ತುಬಂದಿತ್ತು. ಇನ್ನೊಂದು ಮಾತು, ಅಡವಿಗೆಂದು ಪಾಸ್‌ಪೋರ್ಟ್ ಕೇಳಿದರೆ ಕೊಡಬೇಡಿ. ಅದರ ಜೆರಾಕ್ಸ್ ಕೊಡಿ, ಇಲ್ಲವೇ ನಗದು ಠೇವಣಿ ಇಡಿ. ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಆಗಲೇ ಕೇಳಿ ಬರೆದುಕೊಳ್ಳಿ. ಅಲ್ಲೂ ವಾಹನಗಳು ನಮ್ಮಂತೆ ಎಡಗಡೆಯೇ ಹೋಗುವುದರಿಂದ ರಸ್ತೆಯಲ್ಲಿ ಗಲಿಬಿಲಿ ಇಲ್ಲ.

ಯಾವ ಗುಡಿ, ಯಾವ ಹೊತ್ತಿಗೆ

ನಕ್ಷೆಯಲ್ಲಿ ಗುಡಿಗಳು ಹತ್ತಾರು ಇವೆ. ಎಲ್ಲವನ್ನೂ ನೋಡಲು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಒಂದೇ ಇಟ್ಟಿಗೆ ರಾಶಿಯಾಗಿ ಕಾಣತೊಡಗುತ್ತದೆ. ನನ್ನ ಸಲಹೆ: ಬಿಸಿಲೇರುವ ಮೊದಲು ಮೂರು, ಸಂಜೆಗೆ ಒಂದು. ಟಿಕೆಟ್ ಒಂದೊಂದಕ್ಕೆ ಬೇರೆ ಬೇರೆ, ವಿದೇಶಿಯರಿಗೆ ದರ ಹೆಚ್ಚು. ಬಹುಕಾಲ ತಲಾ ಐವತ್ತು ಬಾತ್ ಇತ್ತು, ಈಗ ಇನ್ನೂ ಸ್ವಲ್ಪ ಹೆಚ್ಚೆಂದೇ ಹಿಡಿದುಕೊಂಡು ಹೋಗಿ.

ಮೊದಲು ವತ್ ಮಹಾಥಾತ್. ವತ್ ಎಂದರೆ ವಿಹಾರ, ಮಹಾಥಾತ್ ಎಂದರೆ ‘ಮಹಾಧಾತು’, ಬುದ್ಧನ ಅವಶೇಷ ಇಟ್ಟ ಜಾಗ. 1374ರಲ್ಲಿ ಕಟ್ಟಲು ತೊಡಗಿದ್ದು. ಆಲ, ಅಶ್ವತ್ಥಗಳ ಕುಲದ ಒಂದು ಮರದ ಬೇರುಗಳು ಮರಳುಗಲ್ಲಿನ ಬುದ್ಧನ ತಲೆಯೊಂದನ್ನು ಸುತ್ತಿ ಹಿಡಿದಿವೆ. ಎಲ್ಲರೂ ಫೋಟೊದಲ್ಲಿ ನೋಡಿರುವುದು ಇದನ್ನೇ. ಹತ್ತಿರದಿಂದ ನೋಡಿ: ಒಂದು ಬೇರು ಹಣೆಯ ಪಕ್ಕದಲ್ಲಿ ಇಳಿದು ಕಿವಿಯನ್ನು ಅರ್ಧ ಮುಚ್ಚಿದೆ, ಮುಖ ಮಾತ್ರ ಪೂರ್ತಿ ಬಿಡುವಾಗಿದೆ, ತುಟಿಯ ಅಂಚಿನ ನಗು ಹಾಗೇ ಇದೆ. ಇಲ್ಲಿ ಫೋಟೊ ತೆಗೆಸಿಕೊಳ್ಳುವವರು ಕುಕ್ಕರಗಾಲಲ್ಲಿ ಕೂರಬೇಕು, ನಿಮ್ಮ ತಲೆ ಬುದ್ಧನ ತಲೆಗಿಂತ ಮೇಲೆ ಬರಬಾರದು. ಕಾವಲಿನವರು ನೋಡುತ್ತಿರುತ್ತಾರೆ. ಪಕ್ಕದ ಅಂಗಳದಲ್ಲಿ ರುಂಡವಿಲ್ಲದ ಬುದ್ಧರ ಸಾಲಿದೆ. ಆ ಮುಂಡಗಳ ಹಿಂದೆ ನಿಂತು ತಮ್ಮ ತಲೆ ಇಟ್ಟು ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗಳನ್ನು ನೋಡಿದ್ದೇನೆ, ನನಗೆ ನಿಜಕ್ಕೂ ನೋವಾಯಿತು. ಹಂಪಿಯ ಒಡೆದ ಉಗ್ರ ನರಸಿಂಹನ ಮುಂದೆ ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗಾದೀತು?

ಹಂಪಿಯ ನೆನಪು ಇಲ್ಲಿ ದಿನವಿಡೀ ಬರುತ್ತದೆ. ವಿಜಯನಗರ ಹುಟ್ಟಿದ್ದು 1336ರಲ್ಲಿ, ಇದು ಅದಕ್ಕಿಂತ ಹದಿನಾಲ್ಕು ವರ್ಷ ಕಿರಿಯದು. ಅದು ಕಲ್ಲಿನ ಊರು, ಇದು ಇಟ್ಟಿಗೆ ಗಾರೆಯ ಊರು. ಬೆಂಕಿಗೂ ಮಳೆಗೂ ಗಾರೆ ಉದುರಿ ಒಳಗಿನ ಇಟ್ಟಿಗೆ ಹಲ್ಲು ಬಿಟ್ಟಂತೆ ಕಾಣುತ್ತದೆ. ಕೆಲವು ಕಡೆ ಮಾತ್ರ ಗಾರೆಯ ಬೆರಳೋ ಕಮಲದ ಎಸಳೋ ಉಳಿದಿದೆ. ಅವನ್ನು ಹುಡುಕುತ್ತಾ ನಡೆಯಿರಿ, ಹತ್ತಬೇಡಿ.

ರಸ್ತೆಯ ಆಚೆ ಬದಿಯಲ್ಲೇ ವತ್ ರಾಚಬುರಣ. ಸಿಂಹಾಸನಕ್ಕಾಗಿ ಇಬ್ಬರು ಅಣ್ಣಂದಿರು ಆನೆಗಳ ಮೇಲೆ ಕಾದಾಡಿ ಇಬ್ಬರೂ ಸತ್ತರು; ಮೂರನೆಯ ತಮ್ಮ ರಾಜನಾಗಿ ಅವರನ್ನು ಸುಟ್ಟ ಜಾಗದಲ್ಲಿ 1424ರಲ್ಲಿ ಇದನ್ನು ಕಟ್ಟಿಸಿದ. 1957ರಲ್ಲಿ ಕಳ್ಳರು ಗೋಪುರದೊಳಗಿನ ನೆಲಮಾಳಿಗೆಗೆ ಕನ್ನ ಹಾಕಿದಾಗಲೇ ಒಳಗೆ ರಾಶಿ ಚಿನ್ನ ಇದ್ದದ್ದು ಲೋಕಕ್ಕೆ ಗೊತ್ತಾಗಿದ್ದು. ಉಳಿದ ಚಿನ್ನ ಊರಿನ ಚಾವೊ ಸಾಮ್ ಫ್ರಯಾ ವಸ್ತು ಸಂಗ್ರಹಾಲಯದಲ್ಲಿದೆ, ಸಮಯ ಇದ್ದರೆ ನೋಡಿ. ಗುಡಿಯ ಆ ನೆಲಮಾಳಿಗೆಗೆ ಕಡಿದಾದ ಮೆಟ್ಟಿಲು ಇಳಿದು ಮಾಸಿದ ಭಿತ್ತಿಚಿತ್ರ ನೋಡಬಹುದು. ಒಳಗೆ ಸೆಕೆ ಜೋರು, ಉಸಿರಿನ ತೊಂದರೆ ಇರುವವರು ಮೇಲೆಯೇ ಉಳಿಯಲಿ.

ಮೂರನೆಯದು ವತ್ ಫ್ರಾ ಸಿ ಸಂಫೇತ್. ಅರಮನೆಯ ಆವರಣದ ಗುಡಿ. ರಾಜರ ಅಸ್ಥಿ ಇಟ್ಟ ಮೂರು ಸ್ತೂಪಗಳು ಒಂದೇ ಸಾಲಿನಲ್ಲಿ, ಗಂಟೆ ಬೋರಲು ಹಾಕಿದ ಹಾಗೆ ನಿಂತಿವೆ. ಹೆಸರು ಬಿಡಿಸಿದರೆ ‘ಸಿ’ ಎಂದರೆ ಶ್ರೀ, ‘ಸಂಫೇತ್’ ಎಂದರೆ ಸರ್ವಜ್ಞ! ತ್ರಿಪದಿಯ ಸರ್ವಜ್ಞನ ಹೆಸರು ಕೇಳಿ ಬೆಳೆದ ನಮಗೆ ಇಷ್ಟು ದೂರದಲ್ಲಿ ಅದೇ ಮಾತು ಬುದ್ಧನಿಗೆ ಸಂದಿರುವುದು ಕಂಡರೆ ಖುಷಿಯಾಗದೇ ಇರದು. ಪಕ್ಕದಲ್ಲೇ ದೊಡ್ಡ ಕಂಚಿನ ಬುದ್ಧನ ಮಂಗಳ ಬೊಫಿತ್ ವಿಹಾರ. ಪ್ರವೇಶ ಉಚಿತ, ಚಪ್ಪಲಿ ಹೊರಗೆ.

ಆನೆ ಸವಾರಿಗೂ ಕರೆಯುತ್ತಾರೆ. ಆ ಬಿಸಿಲಿನಲ್ಲಿ ಡಾಂಬರು ರಸ್ತೆಯ ಮೇಲೆ ಆನೆ ಎತ್ತುವ ಹೆಜ್ಜೆ ಒಮ್ಮೆ ನೋಡಿದರೆ ಹತ್ತಲು ಮನಸ್ಸು ಬಾರದು. ಹಣ ಉಳಿಸಿಕೊಳ್ಳಿ.

ಊಟ

ಮಾಂಸ ತಿನ್ನುವವರಿಗೆ ಇಲ್ಲಿನ ದೋಣಿ ನೂಡಲ್ಸ್ ಇದೆ. ಹಿಂದೆ ಕಾಲುವೆಯ ದೋಣಿಗಳಲ್ಲಿ ಮಾರುತ್ತಿದ್ದ, ಸಣ್ಣ ಬಟ್ಟಲಿನ ಕಪ್ಪು ಸಾರಿನ ಊಟ. ಸಾರಿಗೆ ಪ್ರಾಣಿಯ ರಕ್ತವನ್ನೂ ಸೇರಿಸುವ ರೂಢಿ ಇರುವುದರಿಂದ ಕೇಳಿ ತಿನ್ನಿ. ಸಸ್ಯಾಹಾರಿಗಳು ಒಂದು ಪದ ಕಲಿತರೆ ಸಾಕು: ‘ಜೇ’. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ, ಕನ್ನಡಿಗರಿಗೆ ಮರೆಯುವ ಬಣ್ಣವಲ್ಲ. ಅಕ್ಷರ ನೋಡಲು 17 ಎಂದು ಬರೆದಂತಿರುತ್ತದೆ. ಆ ಅಂಗಡಿಯಲ್ಲಿ ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬೇರೆ ಕಡೆ ತರಕಾರಿ ಅನ್ನ ಹೇಳುವಾಗ ‘ಮೈ ಸೈ ನಾಮ್ ಪ್ಲಾ’ ಎನ್ನಿ. ಮೀನಿನ ರಸ ಹಾಕಬೇಡಿ ಎಂದರ್ಥ. ಅದನ್ನು ಉಪ್ಪಿನಂತೆ ಎಲ್ಲದಕ್ಕೂ ಸುರಿಯುತ್ತಾರೆ.

ರೋಟಿ ಸಾಯ್ ಮಾಯ್ ಮಾತ್ರ ತಿನ್ನದೆ ಬರಬೇಡಿ. ಊರಿನ ಮುಸ್ಲಿಂ ಕುಟುಂಬಗಳ ಕೈರುಚಿ. ಹಸಿರು ಛಾಯೆಯ ತೆಳು ರೊಟ್ಟಿಯ ಮೇಲೆ ಬಾಂಬೆ ಮಿಠಾಯಿಯಂಥ ಸಕ್ಕರೆಯ ಎಳೆಗಳನ್ನು ಹರಡಿ, ಸುರುಳಿ ಸುತ್ತಿ ತಿನ್ನುವುದು. ಹೆಸರಿನ ಅರ್ಥವೇ ರೇಷ್ಮೆ ಎಳೆ. ರೊಟ್ಟಿ ಬೇರೆ, ಎಳೆ ಬೇರೆ ಪೊಟ್ಟಣದಲ್ಲಿ ಕೊಡುತ್ತಾರೆ. ಎಳೆಗೆ ಗಾಳಿ ತಾಗಿದರೆ ಅಂಟಿಕೊಂಡು ಗಟ್ಟಿಯಾಗುತ್ತದೆ, ತಿನ್ನುವಾಗಲೇ ಬಿಚ್ಚಿ.

ಸಂಜೆ ಮತ್ತು ವಾಪಸ್ಸು

ಹನ್ನೆರಡರಿಂದ ಮೂರರವರೆಗೆ ನೆರಳಲ್ಲಿರಿ. ಮೂರೂವರೆಗೆ ಹೊರಟು ನಡುಗಡ್ಡೆಯ ಪಶ್ಚಿಮಕ್ಕೆ ಸೇತುವೆ ದಾಟಿದರೆ ಚಾವೊ ಫ್ರಯಾ ದಂಡೆಯ ಮೇಲೆ ವತ್ ಚೈವತ್ತನಾರಾಮ್, ಅಂದರೆ ಜಯವರ್ಧನಾರಾಮ. 1630ರಲ್ಲಿ ಪ್ರಸಾತ್ ಥೋಂಗ್ ಎಂಬ ರಾಜ ಕಾಂಬೋಡಿಯಾದ ಖ್ಮೇರ್ ಶೈಲಿಯಲ್ಲಿ ಕಟ್ಟಿಸಿದ್ದು. ನಡುವೆ ಎತ್ತರದ ಗೋಪುರ, ಸುತ್ತ ಚಿಕ್ಕವು. ಇಳಿಬಿಸಿಲು ಬಿದ್ದಾಗ ಇಟ್ಟಿಗೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಸೂರ್ಯ ಮುಳುಗುವವರೆಗೆ ಇರುವ ಆಸೆ ಆಗುತ್ತದೆ, ಆದರೆ ಸೈಕಲ್ ಅಂಗಡಿ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಐದಕ್ಕೆ ಮುಂಚೆ ಹೊರಡಿ. ಕತ್ತಲಾದ ಮೇಲೆ ಗುಡಿಗಳ ಬಳಿ ಬೀದಿನಾಯಿಗಳ ಗುಂಪೂ ಇರುತ್ತದೆ.

ಬೆಳಿಗ್ಗೆ ಇಳಿದ ಕೂಡಲೇ ನಿಲ್ದಾಣದ ವೇಳಾಪಟ್ಟಿಯ ಫೋಟೊ ತೆಗೆದಿಟ್ಟುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಉತ್ತರದಿಂದ ಬರುವ ರೈಲುಗಳು ತಡವಾಗುವುದು ಮಾಮೂಲು, ರಾತ್ರಿ ವಿಮಾನ ಇರುವ ದಿನ ಈ ಪ್ರವಾಸ ಇಟ್ಟುಕೊಳ್ಳಬೇಡಿ. ಎಕ್ಸ್‌ಪ್ರೆಸ್ ಹತ್ತಿದರೆ ದರ ಹೆಚ್ಚು, ಅದು ನಿಮ್ಮನ್ನು ಇಳಿಸುವುದೂ ಹೊಸ ನಿಲ್ದಾಣದಲ್ಲಿ. ಅಲ್ಲಿಂದ ಮೆಟ್ರೊ ಹಿಡಿದರಾಯಿತು. ಆರು ಗಂಟೆಗೆ ಮತ್ತೆ ರಾಷ್ಟ್ರಗೀತೆ. ಬೆಂಚಿನ ಮೇಲೆ ನಿದ್ದೆ ಹೋಗಿದ್ದ ಅಜ್ಜಿಯೊಬ್ಬರು ಕಣ್ಣುಜ್ಜಿಕೊಂಡು ಎದ್ದು ನಿಂತರು, ನಾವೂ ನಿಂತೆವು. ರೈಲು ಬಂದಾಗ ಈ ಸಲ ಬಲಗಡೆ ಕೂರಿ. ಬೆಳಕು ಇನ್ನೂ ಉಳಿದಿದ್ದರೆ ಆ ಕಿಟಕಿಯಲ್ಲಿ ಭತ್ತದ ಗದ್ದೆಗಳ ಮೇಲೆ ಸೂರ್ಯ ಇಳಿಯುವುದು ಕಾಣುತ್ತದೆ.