ಮೈಸೂರು ಸೀಮೆಯ ಹಳೆಯ ಗಣಿಗುರುತುಗಳನ್ನು ಓದುವ ಬಗೆ

ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ ವಯಸ್ಸಾದರೆ, ಸುತ್ತಲಿನ ಹೊಲಗಳಡಿಯ ಪಟ್ಟೆಪಟ್ಟೆಯ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ. ಇಲ್ಲಿ ಬಯಲೇ ಬೆಟ್ಟಕ್ಕಿಂತ ಹಿರಿಯದು. ಆದರೆ ಗಣಿಯ ಗುರುತು ಹುಡುಕುವವರು ಗಮನಿಸಬೇಕಾದದ್ದು ನೈಸಿನ ನಡುವೆ ಸಿಕ್ಕಿಕೊಂಡಿರುವ ಕಪ್ಪು-ಹಸಿರು ಶಿಲೆಗಳ ಕಿರಿದಾದ ಪಟ್ಟಿಗಳನ್ನು. ಕಡಕೊಳ, ದೊಡ್ಡಕನ್ಯ, ಸಿಂಧುವಳ್ಳಿಗಳ ಸುತ್ತ ಮ್ಯಾಗ್ನಸೈಟ್ (ಮೆಗ್ನೀಸಿಯಂನ ಬಿಳಿ ಅದಿರು) ಮತ್ತು ಕ್ರೋಮೈಟ್ (ಕ್ರೋಮಿಯಂನ ಕಪ್ಪು ಅದಿರು) ದೊರೆತದ್ದು ಇಂತಹ ಪಟ್ಟಿಗಳಲ್ಲಿಯೇ.

ಬಿಳಿ ಕಲ್ಲು ಕಂಡೊಡನೆ ಮ್ಯಾಗ್ನಸೈಟ್ ಎನ್ನಬಾರದು. ಪುಡಿಗೆ ನಿಂಬೆರಸ ಹಿಂಡಿದಾಗ ನೊರೆಯೆದ್ದರೆ ಅದು ಹೊಲದ ಸುಣ್ಣದ ಹರಳು. ಮ್ಯಾಗ್ನಸೈಟ್ ಹಾಗೆ ತಟ್ಟನೆ ನೊರೆಯುಗುಳುವುದಿಲ್ಲ. ತೂಕದ ಕಪ್ಪು ಕಲ್ಲನ್ನು ಟೈಲ್ಸಿನ ಹೊಳಪಿಲ್ಲದ ಹಿಂಬದಿಗೆ ಉಜ್ಜಿ ನೋಡಬೇಕು: ಕಂದು ಗೀರು ಬಂದರೆ ಕ್ರೋಮೈಟ್ ಇರಬಹುದು, ಕಪ್ಪು ಗೀರು ಬಂದು ಅಯಸ್ಕಾಂತಕ್ಕೂ ಅಂಟಿದರೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು.

ಇನ್ನೂ ಹಳೆಯ ಕಾಲದ ಗುಂಡಿಗಳನ್ನು ಗುರುತಿಸಲು ಕಣ್ಣು ಪಳಗಬೇಕು. ಚಿನ್ನಕ್ಕಾಗಿ ಹಳಬರು ಬೆಣಚುಕಲ್ಲಿನ ಎಳೆಯನ್ನೇ ಹಿಡಿದು ಅಗೆದದ್ದರಿಂದ ಅವರ ಗುಂಡಿಗಳು ಉದ್ದಕ್ಕೆ ಸಾಲಾಗಿರುತ್ತವೆ, ಅರ್ಧ ಹೂಳು ತುಂಬಿ ಪೊದೆ ಬೆಳೆದಿರುತ್ತದೆ, ಅಂಚಿನಲ್ಲಿ ಒಡೆದ ಬೆಣಚಿನ ಚೂರುಗಳ ದಿಬ್ಬವಿರುತ್ತದೆ. ಕಟ್ಟಡದ ಕಲ್ಲು ತೆಗೆದ ಜಾಗದಲ್ಲಾದರೆ ಉಳಿಯ ತೂತುಗಳ ಸಾಲು ಕಾಣುತ್ತದೆ. 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್, ಅದಕ್ಕೂ ಮುಂಚೆ 1887ರಲ್ಲಿಯೇ ಸಂಸ್ಥಾನದ ಚಿನ್ನದ ಸೀಮೆಗಳನ್ನು ಸುತ್ತಿ ಇಂತಹ ಹಳೆಯ ಗುಂಡಿಗಳನ್ನು ದಾಖಲಿಸಿದ್ದರು. ಗುಂಡಿಯೊಳಗೆ ಮಾತ್ರ ಇಳಿಯಬಾರದು. ಅಂಚು ಕುಸಿಯುತ್ತದೆ, ತಳದಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರಬಹುದು.

ಕಬ್ಬಿಣದ ಕುರುಹು ಎಂದರೆ ಕಿಟ್ಟ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ನಾಡನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಹಳ್ಳಿಯವರು ಕಬ್ಬಿಣದ ಅದಿರಿನ ಕಪ್ಪು ಮರಳನ್ನು ಇದ್ದಿಲಿನೊಂದಿಗೆ ಕುಲುಮೆಗೆ ಹಾಕಿ ಕಬ್ಬಿಣ ತೆಗೆಯುತ್ತಿದ್ದ ರೀತಿಯನ್ನು ವಿವರವಾಗಿ ಬರೆದಿದ್ದಾನೆ. ಆಗ ಹರಿದುಹೋದ ಕಸರೇ ಕಿಟ್ಟ. ಅದು ಕೊಪ್ಪರಿಗೆಯಿಂದ ಚೆಲ್ಲಿ ಗಟ್ಟಿಯಾದ ಬೆಲ್ಲದ ಪಾಕದಂತೆ ಸುಕ್ಕುಗಟ್ಟಿರುತ್ತದೆ. ಒಡೆದರೆ ಒಳಗೆ ಗುಳ್ಳೆಗಳ ತೂತು, ಗಾಜಿನಂತಹ ಕಪ್ಪು ಹೊಳಪು. ಮಂಡ್ಯದ ಕಡೆ ಇದರಲ್ಲಿ ಮೋಸಹೋಗುವುದು ಸುಲಭ. ನಾನೇ ಒಮ್ಮೆ ಕಿಟ್ಟವೆಂದು ಜತನದಿಂದ ಮನೆಗೆ ತಂದದ್ದು, ಒಡೆದಾಗ ಒಳಗೆಲ್ಲ ಕೆಂಪಾಗಿದ್ದು, ಯಾವುದೋ ಆಲೆಮನೆಯ ಒಲೆಯಲ್ಲಿ ಬೆಂದು ಕರಗಿದ ಇಟ್ಟಿಗೆಯಾಗಿತ್ತು.

ಕಿಟ್ಟ ನಿಜವೇ ಆಗಿದ್ದರೆ ಅದನ್ನು ಎತ್ತಿಕೊಂಡು ಬರದೆ, ಹೊಲದ ಯಜಮಾನರಿಗೆ ತಿಳಿಸಿ, ಅಳತೆಗೆ ಒಂದು ಪೆನ್ನನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದು, ಸುತ್ತ ಸುಟ್ಟ ಮಣ್ಣಿನ ಊದುಕೊಳವೆಯ ಚೂರುಗಳಿವೆಯೇ ಎಂದು ಹುಡುಕಬೇಕು. ಅವು ಸಿಕ್ಕರೆ ಕುಲುಮೆಯಿದ್ದ ಜಾಗ ದೂರವಿರುವುದಿಲ್ಲ.